ನದಿಯಲ್ಲಿ ಫ್ಲೈ ಫಿಶಿಂಗ್: ದೋಣಿ ಮತ್ತು ಸಲಕರಣೆಗಳನ್ನು ಯಾವ ಕ್ರಮದಲ್ಲಿ ಆರಿಸಬೇಕು

ಹುಳು, ಮರಿಮೀನುಗಳನ್ನು ಹೋಲುವ ಹಗುರವಾದ ಕೃತಕ ಆಮಿಷವನ್ನು (ಫ್ಲೈ) ಉದ್ದನೆಯ ಕೋಲು (ರಾಡ್) ಮತ್ತು ಭಾರದ ದಾರದಿಂದ ಬೀಸಿ ಎಸೆದು ಮೀನು ಹಿಡಿಯುವುದೇ ಫ್ಲೈ ಫಿಶಿಂಗ್. ಇದಕ್ಕೆಂದು ದೋಣಿ ಕೊಂಡವರ ದೂರುಗಳು ಬಹುತೇಕ ಒಂದೇ ಬಗೆಯವು. ದೋಣಿ ಕಲ್ಲಿಗೆ ತಗುಲಿ ನಿಲ್ಲುತ್ತದೆ, ಹುಟ್ಟು ಹಾಕುವವರ ತೋಳು ಅರ್ಧ ದಾರಿಯಲ್ಲೇ ಸೋಲುತ್ತದೆ, ಎಸೆಯುವ ಹೊತ್ತಿಗೆ ದಾರ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಸಂಜೆ ದೋಣಿಯನ್ನು ದಡಕ್ಕೆತ್ತಲು ಜಾಗವೇ ಸಿಗುವುದಿಲ್ಲ. ಇವು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಮೂಲ ಒಂದೇ: ಕೊಳ್ಳುವ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ರಾಡ್, ಆಮೇಲೆ ಕಣ್ಣಿಗೆ ಹಿಡಿಸಿದ ದೋಣಿ, ಅದಾದ ಮೇಲೆ ಅದಕ್ಕೊಂದು ನದಿ ಎಂದು ಹೊರಟವರಿಗೆ ಹಣ ಎಷ್ಟು ಸುರಿದರೂ ಹೊಂದಾಣಿಕೆ ಕೂಡಿಬರುವುದಿಲ್ಲ. ನದಿಯಿಂದ ಆರಂಭಿಸಿ ರಾಡಿನಲ್ಲಿ ಮುಗಿಸಬೇಕು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಒಂದನ್ನು ತೀರ್ಮಾನಿಸದೆ ಮುಂದಿನದಕ್ಕೆ ಹೋಗಬಾರದು.

ಸೆಳವಿನ ಜೊತೆ ಇಳಿಯುತ್ತಾ, ಹುಟ್ಟಿನಿಂದ ನಿಯಂತ್ರಿಸುವ ದೋಣಿಗಳನ್ನು ಮಾತ್ರ ಇಲ್ಲಿ ಚರ್ಚಿಸಲಾಗಿದೆ. ಕೆರೆ, ಸರೋವರಗಳ ಲೆಕ್ಕ ಬೇರೆ.

ಹಂತ 1: ನದಿಯನ್ನು ಅಳೆಯಿರಿ

ನೀವು ಹೆಚ್ಚಾಗಿ ಇಳಿಯಲಿರುವ ನದಿಯ ಭಾಗ ಯಾವುದು ಎಂದು ಮೊದಲು ನಿಶ್ಚಯಿಸಿ. ನದಿಗಳ ಕಷ್ಟವನ್ನು ಅಂತರರಾಷ್ಟ್ರೀಯ ಮಾಪನದಲ್ಲಿ 1ರಿಂದ 6ರವರೆಗಿನ ದರ್ಜೆಗಳಲ್ಲಿ ಹೇಳುತ್ತಾರೆ. 1ನೇ ದರ್ಜೆಯೆಂದರೆ ಸಣ್ಣ ಅಲೆಗಳಷ್ಟೇ ಇರುವ ಹರಿವು. 2ರಲ್ಲಿ ದಾರಿ ಸ್ಪಷ್ಟವಾಗಿ ಕಾಣುವ ಸುಲಭದ ಸೆಳವುಗಳಿರುತ್ತವೆ. 3ರಲ್ಲಿ ಅಲೆಗಳು ಅನಿಯಮಿತವಾಗಿದ್ದು ದೋಣಿಯನ್ನು ಇಕ್ಕಟ್ಟಿನಲ್ಲಿ ತಿರುಗಿಸುವ ಪಳಗಿದ ಕೈ ಬೇಕಾಗುತ್ತದೆ. ಹೊಸಬರು 1 ಮತ್ತು 2ನೇ ದರ್ಜೆಯಲ್ಲೇ ಇರಬೇಕು. ನೀರು ತೀರಾ ತಣ್ಣಗಿದ್ದರೆ ಅಥವಾ ಜಾಗ ನಿರ್ಜನವಾಗಿದ್ದರೆ ಹೇಳಿದ ದರ್ಜೆಗಿಂತ ಒಂದು ಹೆಚ್ಚೆಂದೇ ಎಣಿಸುವುದು ಕ್ಷೇಮ.

ದರ್ಜೆಯ ಜೊತೆಗೆ ಹರಿವಿನ ಪ್ರಮಾಣವನ್ನೂ ತಿಳಿಯಬೇಕು. ಇದನ್ನು ಸೆಕೆಂಡಿಗೆ ಇಷ್ಟು ಘನ ಅಡಿ ಅಥವಾ ಘನ ಮೀಟರ್ ಎಂದು ಅಳೆಯುತ್ತಾರೆ. 1 ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. ಒಂದೇ ನದಿ ಕಡಿಮೆ ಹರಿವಿನಲ್ಲಿ ಕಲ್ಲುಗಳನ್ನು ಮೇಲೆ ತೋರಿಸಿ ದೋಣಿಯ ತಳ ಉಜ್ಜುತ್ತದೆ, ಹೆಚ್ಚು ಹರಿವಿನಲ್ಲಿ ಮೀನು ತಂಗುವ ದಡದ ನಿಧಾನ ನೀರನ್ನೇ ನುಂಗಿಹಾಕುತ್ತದೆ. ಮೇಲ್ಗಡೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ತಿಳಿಯದೆ ಇಳಿಯಬೇಡಿ. ಬೆಳಿಗ್ಗೆ ಒಣಗಿದ್ದ ದಡದ ಕಲ್ಲು ಮಧ್ಯಾಹ್ನ ಒದ್ದೆಯಾಗಿದ್ದರೆ ಅಥವಾ ನೀರಿನಲ್ಲಿ ಎಲೆ, ಕಡ್ಡಿ ಇದ್ದಕ್ಕಿದ್ದಂತೆ ತೇಲತೊಡಗಿದರೆ ನೀರು ಏರುತ್ತಿದೆ ಎಂದೇ ಅರ್ಥ.

ಎರಡು ಅಪಾಯಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಬೇಕು. ಒಂದು, ನದಿಗೆ ಅಡ್ಡಲಾಗಿ ಕಟ್ಟಿದ ಕಿರು ಒಡ್ಡು. ಮೇಲಿನಿಂದ ಬರುವವರಿಗೆ ಅದು ನೀರಿನ ನೇರ ಅಂಚಾಗಿ ಮಾತ್ರ ಕಾಣುತ್ತದೆ. ಆದರೆ ಕೆಳಗೆ ಬಿದ್ದ ನೀರು ಹಿಂದಕ್ಕೆ ಮಗುಚುತ್ತಿರುವುದರಿಂದ ಸಿಕ್ಕಿದ ದೋಣಿಯನ್ನೂ ಮನುಷ್ಯನನ್ನೂ ಅಲ್ಲಿಯೇ ಸುತ್ತಿಸುತ್ತದೆ, ಹೊರಬಿಡುವುದಿಲ್ಲ. ಅಲ್ಲಿ ದೋಣಿಯನ್ನು ದಡದ ಮೇಲೆ ಹೊತ್ತು ದಾಟಿಸಬೇಕು, ಬೇರೆ ಉಪಾಯವಿಲ್ಲ. ಇನ್ನೊಂದು, ತಿರುವಿನ ಹೊರದಡದಲ್ಲಿ ಬಿದ್ದ ಮರ. ನೀರು ಕೊಂಬೆಗಳ ನಡುವೆ ಹಾದುಹೋಗುತ್ತದೆ, ಮೈ ಹಾದುಹೋಗುವುದಿಲ್ಲ.

ಹಂತ 2: ಇಳಿಯುವ ಮತ್ತು ಏರುವ ಜಾಗ

ಹೆಚ್ಚಿನವರು ಮರೆಯುವ ಹಂತ ಇದು. ಟ್ರೇಲರ್ ಹಿಂದಕ್ಕೆ ಇಳಿಸಬಹುದಾದ ಗಟ್ಟಿ ಇಳಿಜಾರು ಎರಡೂ ತುದಿಗಳಲ್ಲಿ ಇದ್ದರೆ ಮಾತ್ರ ಗಟ್ಟಿ ಒಡಲಿನ ದೋಣಿಯನ್ನು ಯೋಚಿಸಿ. ಬರೀ ಕಲ್ಲುದಡವಿದ್ದರೆ ಗಾಳಿ ತುಂಬುವ ರಾಫ್ಟ್ ಬೇಕು. ಕಾಲುದಾರಿಯಷ್ಟೇ ಇದ್ದರೆ ಒಬ್ಬರೇ ಎತ್ತಬಲ್ಲ ದೋಣಿಗೆ ತೃಪ್ತಿಪಡಬೇಕು.

ಮೀನು ಹಿಡಿಯುತ್ತಾ ಸಾಗುವ ದಿನಕ್ಕೆ 10ರಿಂದ 15 ಕಿಲೋಮೀಟರ್ ಸಾಕು. ಇನ್ನೊಂದು ವಾಹನವನ್ನು ಏರುವ ಜಾಗದಲ್ಲಿ ಮೊದಲೇ ನಿಲ್ಲಿಸಿ, ನೀರಿನಿಂದ ನೋಡಿದಾಗ ಆ ಜಾಗ ಹೇಗೆ ಕಾಣುತ್ತದೆ ಎಂದು ದಡದಲ್ಲಿ ನಿಂತು ಗಮನಿಸಿ. ಮಬ್ಬುಗತ್ತಲೆಯಲ್ಲಿ ಅದನ್ನು ದಾಟಿ ಮುಂದೆ ಹೋಗುವುದು ಬಹಳ ಸಾಮಾನ್ಯ. ಆ ಭಾಗದಲ್ಲಿ ದೋಣಿಯ ಮೇಲಿನಿಂದ ಮೀನು ಹಿಡಿಯಲು ಅನುಮತಿ ಇದೆಯೇ ಎಂಬುದನ್ನೂ ಇದೇ ಹಂತದಲ್ಲಿ ವಿಚಾರಿಸಿ, ಏಕೆಂದರೆ ಕೆಲವು ನದಿಗಳಲ್ಲಿ ದೋಣಿಯನ್ನು ಓಡಾಟಕ್ಕೆ ಮಾತ್ರ ಬಳಸಿ, ನೀರಿಗಿಳಿದು ನಿಂತೇ ಗಾಳ ಹಾಕಬೇಕೆಂಬ ನಿಯಮವಿರುತ್ತದೆ.

ಹಂತ 3: ಜನ ಮತ್ತು ತೂಕ

ಇಬ್ಬರು ಹೊರಟರೆ ಯಾವ ಕ್ಷಣದಲ್ಲೂ ಒಬ್ಬರು ಮಾತ್ರ ಮೀನು ಹಿಡಿಯುತ್ತಾರೆ, ಇನ್ನೊಬ್ಬರು ಹುಟ್ಟು ಹಾಕುತ್ತಾರೆ. ಮೂವರಾದರೆ ಮುಂದೊಬ್ಬರು, ಹಿಂದೊಬ್ಬರು, ನಡುವೆ ಹುಟ್ಟು ಹಾಕುವವರು. ಜನರ ತೂಕಕ್ಕೆ ಲಂಗರು, ನೀರು, ಊಟ, ಒಣಬಟ್ಟೆಯ ಚೀಲಗಳನ್ನು ಸೇರಿಸಿ, ಆ ಮೊತ್ತ ತಯಾರಕರು ನಮೂದಿಸಿದ ಗರಿಷ್ಠ ತೂಕಕ್ಕಿಂತ ಸಾಕಷ್ಟು ಕೆಳಗಿರುವ ದೋಣಿಯನ್ನೇ ನೋಡಿ. ತೂಕದ ಮಿತಿ ಮುಟ್ಟಿದ ದೋಣಿ ಮುಳುಗದೇ ಇರಬಹುದು, ಆದರೆ ತಿರುಗಲು ತಡಮಾಡುತ್ತದೆ. ನದಿಯಲ್ಲಿ ಆ ತಡವೇ ಕಲ್ಲಿಗೆ ತಗುಲಿಸುತ್ತದೆ.

ಹಂತ 4: ದೋಣಿಯ ಆಯ್ಕೆ

ಡ್ರಿಫ್ಟ್ ಬೋಟ್ ಎಂಬುದು ಈ ಕೆಲಸಕ್ಕಾಗಿಯೇ ರೂಪುಗೊಂಡ ಗಟ್ಟಿ ದೋಣಿ. ಇದರ ತಳ ಚಪ್ಪಟೆ, ಪಕ್ಕಗಳು ಹೊರಕ್ಕೆ ಚಾಚಿರುತ್ತವೆ, ಮೂತಿ ಮತ್ತು ಹಿಂಭಾಗ ಮೇಲಕ್ಕೆ ಬಾಗಿರುತ್ತವೆ. ಆ ಬಾಗಿನಿಂದಾಗಿ ನಡುಭಾಗವಷ್ಟೇ ನೀರಿನಲ್ಲಿ ಕುಳಿತು, ದೋಣಿ ತನ್ನ ನಡುವಿನ ಮೇಲೆಯೇ ಸುಲಭವಾಗಿ ತಿರುಗುತ್ತದೆ. ನಿಂತು ಎಸೆಯಲು ಗಟ್ಟಿ ನೆಲವಿದೆ, ತೊಡೆಗೆ ಆನಿಕೆ ಕೊಡುವ ಚೌಕಟ್ಟಿದೆ. ಮೀನು ಹಿಡಿಯುವವರ ಮಟ್ಟಿಗೆ ಇದಕ್ಕಿಂತ ಅನುಕೂಲದ ದೋಣಿಯಿಲ್ಲ. ಆದರೆ ಎತ್ತರದ ಪಕ್ಕಗಳು ಗಾಳಿಗೆ ಸಿಕ್ಕುತ್ತವೆ. ಎದುರುಗಾಳಿಯ ದಿನ ಹುಟ್ಟು ಹಾಕುವವರು ನೀರಿಗಿಂತ ಗಾಳಿಯೊಡನೆ ಹೆಚ್ಚು ಗುದ್ದಾಡಬೇಕಾಗುತ್ತದೆ. ಅಂಥ ಕಣಿವೆಗಳಿಗೆ ಪಕ್ಕ ತಗ್ಗಿಸಿದ ಮಾದರಿಗಳಿವೆ. ಫೈಬರ್‌ಗ್ಲಾಸ್ ಕಲ್ಲಿನ ಮೇಲೆ ನಯವಾಗಿ ಜಾರುತ್ತದೆ, ಬಲವಾದ ಪೆಟ್ಟಿಗೆ ಸೀಳುತ್ತದೆ. ಅಲ್ಯೂಮಿನಿಯಂ ಸೀಳುವುದಿಲ್ಲ, ತಗ್ಗು ಬೀಳುತ್ತದೆ; ಕಲ್ಲಿಗೆ ಅಂಟಿದಂತೆ ನಿಲ್ಲುತ್ತದೆ, ಸದ್ದೂ ಜಾಸ್ತಿ.

ಹುಟ್ಟಿನ ಚೌಕಟ್ಟು ಜೋಡಿಸಿದ ರಾಫ್ಟ್ ಇದಕ್ಕಿಂತ ಹೆಚ್ಚು ಕ್ಷಮಾಶೀಲ. ಕಲ್ಲಿಗೆ ಬಡಿದರೆ ಪುಟಿದು ಬರುತ್ತದೆ, ಇಳಿಜಾರಿಲ್ಲದ ದಡದಲ್ಲೂ ಇಳಿಯುತ್ತದೆ. ಮೂವರಿಗೆ 13ರಿಂದ 14 ಅಡಿ ಉದ್ದದ್ದು ಹೊಂದುತ್ತದೆ. ನೆಲದೊಳಗೆ ಬಂದ ನೀರು ತಾನಾಗಿ ಹೊರಹೋಗುವ ರಂಧ್ರಗಳಿರುವ ಮಾದರಿಯನ್ನೇ ಕೊಳ್ಳಿ; ಇಲ್ಲವಾದರೆ ಒಂದು ದೊಡ್ಡ ಅಲೆ ಬಂದ ಮೇಲೆ ಬಕೆಟ್ ಹಿಡಿದು ಕುಳಿತುಕೊಳ್ಳಬೇಕಾಗುತ್ತದೆ. ಇಬ್ಬರು ಅಥವಾ ಮೂವರು ಹೊರಡುವ ಹೊಸಬರಿಗೆ ಮೊದಲ ದೋಣಿಯಾಗಿ ಇದನ್ನೇ ಖಚಿತವಾಗಿ ಸೂಚಿಸುತ್ತೇನೆ. ನಿಂತು ಎಸೆಯುವ ಸುಖ ಕೊಂಚ ಕಡಿಮೆಯಾದೀತು, ಆದರೆ ಹುಟ್ಟು ಕಲಿಯುವ ದಿನಗಳಲ್ಲಿ ಪೆಟ್ಟುಗಳು ಬೀಳದೇ ಇರುವುದಿಲ್ಲ, ಅವುಗಳನ್ನು ರಾಫ್ಟ್ ತಡೆದುಕೊಳ್ಳುತ್ತದೆ.

ರಾಫ್ಟಿನಲ್ಲಿ ಎಲ್ಲವೂ ಗಾಳಿಯ ಒತ್ತಡದ ಮೇಲೆ ನಿಂತಿದೆ. ಪಕ್ಕದ ಕೊಳವೆಗಳಿಗೆ ಸಾಮಾನ್ಯವಾಗಿ 2ರಿಂದ 2.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಸಾಕು; ಒಳಗೆ ನೂಲು ಹೆಣೆದ ಗಟ್ಟಿ ನೆಲಗಳಿಗೆ ಇದರ ಹಲವು ಪಟ್ಟು ಬೇಕು, ಆ ಅಂಕಿಯನ್ನು ವಾಲ್ವಿನ ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಬಿಸಿಲಲ್ಲಿ ದಡದ ಮೇಲೆ ತುಂಬಿದ ಗಾಳಿ ತಣ್ಣೀರಿಗೆ ಇಳಿದೊಡನೆ ಕುಗ್ಗುತ್ತದೆ, ಆದ್ದರಿಂದ ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ತುಂಬಬೇಕು. ಮಧ್ಯಾಹ್ನ ಊಟಕ್ಕೆಂದು ದಡಕ್ಕೆಳೆದಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಒತ್ತಡ ಏರುತ್ತದೆ, ಸ್ವಲ್ಪ ಗಾಳಿ ಬಿಡಬೇಕು. ಸೆಳವಿನಲ್ಲಿ ರಾಫ್ಟಿನ ನಡು ಬಾಗಿ ಏಳುತ್ತಿದ್ದರೆ, ಚೌಕಟ್ಟಿನ ಪಟ್ಟಿಗಳು ಸಡಿಲಾಗಿದ್ದರೆ ಗಾಳಿ ಸಾಲದು.

ಒಬ್ಬರೇ ಹೋಗುವವರಿಗೆ ಎರಡು ಗಾಳಿಕೊಳವೆಗಳ ನಡುವೆ ಆಸನವಿರುವ 8 - 9 ಅಡಿಯ ಪಾಂಟೂನ್ ಅನುಕೂಲ. ತಯಾರಕರು ಯಾವ ದರ್ಜೆಯ ನೀರಿಗೆ ಅದನ್ನು ಸೂಚಿಸಿದ್ದಾರೆಂದು ನೋಡಿ ಕೊಳ್ಳಿ. ಕ್ಯಾನೋ ಮತ್ತು ಕಯಾಕ್‌ಗಳು ಒಂದು ಮಡುವಿನಿಂದ ಇನ್ನೊಂದು ಮಡುವಿಗೆ ತಲುಪಿಸುವ ಸಾಧನಗಳು, ಅಲ್ಲಿ ಇಳಿದು ನಿಂತು ಎಸೆಯಬೇಕು. ಕಾಲುಗಳು ನೀರಿನಲ್ಲಿ ಜೋತಾಡುವ ಫ್ಲೋಟ್ ಟ್ಯೂಬ್ ಅನ್ನು ಹರಿಯುವ ನದಿಗೆ ಎಂದಿಗೂ ತರಬೇಡಿ. ಅದು ನಿಂತ ನೀರಿನ ಸಾಧನ. ಸೆಳವಿನಲ್ಲಿ ಪಾದ ಕಲ್ಲುಗಳ ನಡುವೆ ಸಿಕ್ಕಿದರೆ ನೀರೇ ಮೈಯನ್ನು ಮುಂದಕ್ಕೆ ಒತ್ತಿ ಮುಳುಗಿಸುತ್ತದೆ.

ಹಳೆಯ ದೋಣಿ ಕೊಳ್ಳುವುದಾದರೆ ಪರೀಕ್ಷೆಗೆ ಅವಸರ ಬೇಡ. ರಾಫ್ಟಿಗೆ ಪೂರ್ತಿ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು ನೋಡಿ, ಹೊಲಿಗೆ ಮತ್ತು ವಾಲ್ವುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ಗಟ್ಟಿ ದೋಣಿಯ ನೆಲದ ಮೇಲೆ ಬರಿಗಾಲಲ್ಲಿ ನಿಧಾನವಾಗಿ ನಡೆದರೆ ಕೊಳೆತ ಅಥವಾ ಪದರ ಬಿಟ್ಟ ಕಡೆ ನೆಲ ಒತ್ತಿಕೊಳ್ಳುವುದು ಪಾದಕ್ಕೆ ತಿಳಿಯುತ್ತದೆ. ತಳ ಮತ್ತು ಪಕ್ಕ ಕೂಡುವ ಅಂಚು, ಹುಟ್ಟನ್ನು ಹಿಡಿದಿಡುವ ಓರ್‌ಲಾಕ್ ನಿಲ್ಲಿಸಿದ ಜಾಗ, ಲಂಗರಿನ ರಾಟೆ ಬಿಗಿದ ಹಿಂಬದಿ ಹಲಗೆ, ಇವು ಮೂರೂ ಮೊದಲು ಬಿರುಕು ಬಿಡುವ ಜಾಗಗಳು.

ಹಂತ 5: ಹುಟ್ಟು ಮತ್ತು ನಡುವಿನ ಆಸನ

ದೋಣಿಗೆ ಸಾವಿರ ಸಲ ಯೋಚಿಸುವವರು ಹುಟ್ಟನ್ನು ಸಿಕ್ಕಿದ್ದನ್ನು ತಂದುಬಿಡುತ್ತಾರೆ. ತೋಳು ಸೋಲುವುದಕ್ಕೆ ಇದೇ ಕಾರಣ. ಹುಟ್ಟಿನ ಉದ್ದದಲ್ಲಿ ಸುಮಾರು ಮೂರನೇ ಒಂದು ಭಾಗ ಓರ್‌ಲಾಕಿನ ಒಳಗೆ, ಉಳಿದದ್ದು ಹೊರಗೆ ಇರಬೇಕು. ಆಸನದಲ್ಲಿ ಕುಳಿತು ಎರಡೂ ಹಿಡಿಗಳನ್ನು ಎದೆಯ ಮುಂದೆ ತಂದಾಗ ಅವುಗಳ ನಡುವೆ ಅಂಗೈಯಷ್ಟು ಜಾಗ ಉಳಿಯಬೇಕು, ಎತ್ತರ ಹೊಕ್ಕುಳು ಮತ್ತು ಪಕ್ಕೆಲುಬಿನ ಕೆಳಅಂಚಿನ ನಡುವೆ ಬರಬೇಕು. ಹಿಡಿಗಳು ಒಂದಕ್ಕೊಂದು ತಾಗಿ ಬೆರಳು ಜಜ್ಜುತ್ತಿದ್ದರೆ ಒಳಭಾಗ ಉದ್ದವಾಗಿದೆ. ಪ್ರತಿ ಎಳೆತಕ್ಕೂ ಭುಜ ಮೇಲೇಳುತ್ತಿದ್ದರೆ ಆಸನ ತಗ್ಗಾಗಿದೆ ಅಥವಾ ಓರ್‌ಲಾಕ್ ಎತ್ತರವಾಗಿದೆ. ಈ ಗಾತ್ರದ ದೋಣಿಗಳಿಗೆ 8ರಿಂದ 10 ಅಡಿಯ ಹುಟ್ಟುಗಳು ಹೊಂದುತ್ತವೆ.

ಪಾದಗಳಿಗೆ ಒದೆದು ಹಿಡಿಯಲು ಗಟ್ಟಿ ಅಡ್ಡಪಟ್ಟಿ ಬೇಕೇ ಬೇಕು, ಏಕೆಂದರೆ ಬಲ ಬರುವುದು ಕಾಲು ಮತ್ತು ಬೆನ್ನಿನಿಂದ. ತೋಳು ಕೊಂಡಿ ಮಾತ್ರ. ಹುಟ್ಟಿನ ಅಲಗು ತಾನಾಗಿ ನೆಟ್ಟಗೆ ನಿಲ್ಲುವಂತೆ ಮಾಡುವ ರಬ್ಬರ್ ತುಂಡನ್ನು ಆರಂಭದಲ್ಲಿ ಜೋಡಿಸಿಕೊಳ್ಳಿ. ಅಲಗು ಓರೆಯಾಗಿ ನೀರಿಗೆ ಹೋದರೆ ಎಳೆತ ಹುಸಿಯಾಗುತ್ತದೆ, ಅದೂ ಬೇಕಾದ ಹೊತ್ತಿಗೇ. ಮೂರನೆಯ ಹುಟ್ಟೊಂದನ್ನು, ಕೈಚಾಚಿದರೆ ಸಿಗುವಂತೆ, ಒಂದೇ ಎಳೆತಕ್ಕೆ ಬಿಚ್ಚುವ ಪಟ್ಟಿಯಲ್ಲಿ ಕಟ್ಟಿರಬೇಕು. ಸಾಮಾನಿನ ಅಡಿಯಲ್ಲಿ ಹುಗಿದ ಮೂರನೆಯ ಹುಟ್ಟು ಇಲ್ಲದ್ದಕ್ಕೆ ಸಮ.

ಮುಂದಕ್ಕೆ ತಳ್ಳಿ ವೇಗ ಹೆಚ್ಚಿಸುವುದು ಹೊಸಬರ ಮೊದಲ ತಪ್ಪು. ದೋಣಿಯ ಮೂತಿಯನ್ನು ಅಪಾಯದ ಕಡೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ತಿರುಗಿಸಿ, ಹಿಂದಕ್ಕೆ ಎಳೆಯಬೇಕು. ಆಗ ಕಲ್ಲು ಕಣ್ಣೆದುರಿಗೇ ಇರುತ್ತದೆ, ದೋಣಿ ಸೆಳವಿಗಿಂತ ನಿಧಾನವಾಗಿ ಅಡ್ಡಕ್ಕೆ ಸರಿಯುತ್ತದೆ. ಮೀನು ಹಿಡಿಯಲು ಬೇಕಾದ ನಿಧಾನವೂ ಇದೇ ಎಳೆತದಿಂದ ಬರುತ್ತದೆ. ಇದನ್ನು ರಾಡ್ ಇಲ್ಲದೆ, ಬರಿದಾದ ದೋಣಿಯಲ್ಲಿ ಮೊದಲು ಅಭ್ಯಾಸ ಮಾಡಿ.

ಹಂತ 6: ಲಂಗರು

ಲಂಗರು ದೋಣಿಯ ಹಿಂಭಾಗದ ನಡುವಿನಿಂದ ಇಳಿಯಬೇಕು, ಪಕ್ಕದಿಂದ ಎಂದಿಗೂ ಅಲ್ಲ. ಪಕ್ಕದಿಂದ ಕಟ್ಟಿದರೆ ಸೆಳವು ದೋಣಿಯನ್ನು ಅಡ್ಡ ತಿರುಗಿಸಿ, ಆ ಪಕ್ಕವನ್ನು ನೀರಿನೊಳಗೆ ಎಳೆಯುತ್ತದೆ. ಸಾಮಾನ್ಯ ನದಿ ದೋಣಿಗಳಿಗೆ 10ರಿಂದ 14 ಕಿಲೋ ತೂಕದ್ದು ಸಾಕು. ಅದನ್ನು ನಿಧಾನ ನೀರಿನಲ್ಲಿ, ದಡದ ಹತ್ತಿರ ಮಾತ್ರ ಇಳಿಸಿ.

ವೇಗದ ನೀರಿನಲ್ಲಿ ಲಂಗರು ಕಲ್ಲಿಗೆ ಸಿಕ್ಕಿದರೆ ಹಿಂಭಾಗ ಕುಗ್ಗಿ ನೀರು ಒಳನುಗ್ಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹಗ್ಗ ಸಿಕ್ಕಿಲ್ಲದಂತೆ ಸುತ್ತಿರಲಿ, ಹುಟ್ಟು ಹಾಕುವವರ ಮೈಮೇಲೆಯೇ ಹರಿತವಾದ ಚಾಕು ಇರಲಿ. ಎಳೆದು ನೋಡೋಣ ಎಂದು ಕಾಯಬೇಡಿ. ಹಿಂಭಾಗ ತಗ್ಗುತ್ತಿರುವುದು ಕಂಡೊಡನೆ ಹಗ್ಗ ಕತ್ತರಿಸಿ. ಲಂಗರು ಇನ್ನೊಂದು ಸಿಗುತ್ತದೆ.

ಹಂತ 7: ಜೀವರಕ್ಷಣೆಯ ಸಾಮಾನು

ಲೈಫ್ ಜಾಕೆಟ್ ಫೋಮ್ ತುಂಬಿದ್ದಾಗಿರಲಿ, ತೋಳಿನ ಜಾಗ ಅಗಲವಾಗಿರಲಿ. ಎಸೆಯಲು ಅಡ್ಡಿಯಾಗುತ್ತದೆಂದು ಬಿಚ್ಚಿಡುವ ಜಾಕೆಟ್ ಯಾರನ್ನೂ ಕಾಪಾಡುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ತೊಟ್ಟು, ತೋಳು ಬೀಸಿ ನೋಡಿ ಕೊಳ್ಳಬೇಕು. ದಾರ ಎಳೆದರೆ ಉಬ್ಬುವ ಜಾಕೆಟ್‌ಗಳು ಬಿರುಸು ನೀರಿಗೆ ತಕ್ಕವಲ್ಲ. ಎದೆಯೆತ್ತರದ ವೇಡರ್ (ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪು) ತೊಟ್ಟವರು ಸೊಂಟಪಟ್ಟಿಯನ್ನು ಬಿಗಿಯಾಗಿ ಕಟ್ಟಲೇಬೇಕು, ಅದು ಒಳಗೆ ನೀರು ತುಂಬುವುದನ್ನು ತಡೆಯುತ್ತದೆ.

15ರಿಂದ 25 ಮೀಟರ್ ತೇಲುವ ಹಗ್ಗವಿರುವ ಎಸೆಯುವ ಚೀಲ, ಸೀಟಿ, ಗಾಳಿ ತುಂಬುವ ಪಂಪು, ತೇಪೆ ಮತ್ತು ಅಂಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೀರು ಹೋಗದ ಚೀಲದಲ್ಲಿ ಒಂದು ಜೊತೆ ಒಣಬಟ್ಟೆ, ಇಷ್ಟನ್ನು ದೋಣಿಗೆ ಕಟ್ಟಿಡಿ. ಬಟ್ಟೆಯನ್ನು ಹೊರಗಿನ ಬಿಸಿಲು ನೋಡಿ ಆರಿಸದೆ ನೀರಿನ ತಂಪನ್ನು ನೋಡಿ ಆರಿಸಿ. ಬಿದ್ದರೆ ಬೆನ್ನ ಮೇಲೆ ತೇಲಿ, ಪಾದಗಳನ್ನು ಮುಂದಕ್ಕೆ ಚಾಚಿ, ಸೆಳವಿನಲ್ಲಿ ನಿಲ್ಲಲು ಯತ್ನಿಸದೆ ದಡದ ಕಡೆಗೆ ಸರಿಯಬೇಕು ಎಂಬುದನ್ನು ಹೊರಡುವ ಮುನ್ನ ಪ್ರತಿಯೊಬ್ಬರಿಗೂ ಹೇಳಿ.

ಹಂತ 8: ರಾಡ್, ರೀಲು, ದಾರ

ಈಗ ರಾಡಿನ ಸರದಿ. ದೋಣಿಯಿಂದ ಎಸೆಯಲು 9 ಅಡಿಯ ರಾಡ್ ಅನುಕೂಲ. ಅದಕ್ಕಿಂತ ಗಿಡ್ಡವಾದದ್ದರಲ್ಲಿ ಹಿಂದಕ್ಕೆ ಬೀಸಿದ ದಾರ ತಗ್ಗಿ, ಹುಟ್ಟು ಹಾಕುವವರ ತಲೆಯ ಮಟ್ಟಕ್ಕೆ ಬರುತ್ತದೆ. ದಾರ ಮತ್ತು ರಾಡಿನ ತೂಕವನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತಾರೆ: 5ನೇ ತೂಕದ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗಿದರೆ, 8ನೇ ತೂಕದ್ದು ಸುಮಾರು 13.6 ಗ್ರಾಂ ತೂಗುತ್ತದೆ. ಟ್ರೌಟ್ ಎಂಬ ತಣ್ಣೀರಿನ ಮೀನಿರುವ ನದಿಗಳಿಗೆ 5ನೇ ತೂಕದ ರಾಡ್ ಮತ್ತು ಮುಂದೆ ಭಾರವಿರುವ ತೇಲುವ ದಾರ ಮೊದಲ ಆಯ್ಕೆ. ಮರಿಮೀನನ್ನು ಹೋಲುವ ದೊಡ್ಡ ಸ್ಟ್ರೀಮರ್‌ಗಳನ್ನು ದಡಕ್ಕೆ ಎಸೆಯುವ ಆಸೆಯಿದ್ದರೆ 7ನೇ ತೂಕದ ಇನ್ನೊಂದು ರಾಡನ್ನು, ತುದಿ ಮುಳುಗುವ ದಾರದೊಡನೆ ಕಟ್ಟಿಟ್ಟುಕೊಳ್ಳಿ. ದೋಣಿ ಸಾಗುತ್ತಿರುವಾಗ ಬಿಚ್ಚಿ ಕಟ್ಟುವಷ್ಟರಲ್ಲಿ ಒಳ್ಳೆಯ ನೀರು ಹಿಂದೆ ಉಳಿದಿರುತ್ತದೆ, ಆದ್ದರಿಂದ ಎರಡೂ ಸಿದ್ಧವಾಗಿರಬೇಕು.

ಟಿಪ್ಪೆಟ್ ಎಂಬ ತುದಿಯ ಎಳೆಯ ದಪ್ಪಕ್ಕೆ ಸರಳ ಲೆಕ್ಕವಿದೆ: 11ರಿಂದ ಎಳೆಯ ಸುರುಳಿಯ ಮೇಲೆ ನಮೂದಿಸಿದ ಎಕ್ಸ್ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಎಂದರೆ 0.006 ಇಂಚು, 3ಎಕ್ಸ್ ಎಂದರೆ 0.008 ಇಂಚು. ಫ್ಲೈಯ ಗಾತ್ರದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಹೊಂದುವ ಎಕ್ಸ್ ಸರಿಸುಮಾರು ಬರುತ್ತದೆ. 12ನೇ ಸಂಖ್ಯೆಯ ಫ್ಲೈಗೆ 4ಎಕ್ಸ್. ದೋಣಿಯಿಂದ ಎಸೆಯುವಾಗ ಇದಕ್ಕಿಂತ ಒಂದು ಅಂಕ ದಪ್ಪದ್ದನ್ನೇ ಕಟ್ಟಿ. ನೀರಿನಲ್ಲಿ ನಿಂತವರು ಮೀನಿನ ಹಿಂದೆ ನಡೆಯಬಹುದು, ದೋಣಿ ಹಿಂದಿರುಗಲಾರದು.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿ; ಇಕ್ಕಟ್ಟಾದ ದೋಣಿಯಲ್ಲಿ ಗಾಳ ಕಿವಿಗೋ ಕೈಗೋ ನಾಟುವುದು ಅಪರೂಪವಲ್ಲ, ಆಗ ಇದರ ಬೆಲೆ ತಿಳಿಯುತ್ತದೆ. ಪೋಲರೈಸ್ಡ್ ಕನ್ನಡಕ ನೀರಿನೊಳಗಿನ ಕಲ್ಲು ತೋರಿಸುವುದಕ್ಕೂ ಕಣ್ಣಿನ ರಕ್ಷಣೆಗೂ ಬೇಕು, ಹುಟ್ಟು ಹಾಕುವವರಿಗಂತೂ ಕಡ್ಡಾಯ. ಬಲೆ ಉದ್ದ ಹಿಡಿಯದ್ದು, ಗಂಟಿಲ್ಲದ ರಬ್ಬರಿನದು ಆಗಿರಲಿ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಟ್ರೌಟ್ ಹಿಡಿದು ಬಿಡುವುದನ್ನು ನಿಲ್ಲಿಸಿ. ಬಿಟ್ಟ ಮೀನು ಈಜಿ ಹೋದರೂ ಆಮೇಲೆ ಸಾಯುವ ಸಾಧ್ಯತೆ ಹೆಚ್ಚು. ಸಣ್ಣ ಉಷ್ಣಮಾಪಕವೊಂದು ಜೇಬಿನಲ್ಲಿರಲೇಬೇಕು.

ಹಂತ 9: ನೆಲ ಖಾಲಿ ಮಾಡಿ, ಪರೀಕ್ಷೆಗೆ ಇಳಿಯಿರಿ

ಮುಂಭಾಗದಲ್ಲಿ ನಿಂತವರ ಕಾಲಬಳಿ ಎಳೆದು ಬಿಟ್ಟ ದಾರ ಸುರುಳಿಯಾಗಿ ಬಿದ್ದಿರುತ್ತದೆ. ಎಸೆದ ಕ್ಷಣದಲ್ಲಿ ಅದು ನೆಲದಿಂದ ಮೇಲೆದ್ದು ಹೋಗುವಾಗ ಶೂ ಲೇಸಿನ ಗಂಟು, ಪಟ್ಟಿಯ ಬಾಲ, ನೀರಿನ ಬಾಟಲಿಯ ಮುಚ್ಚಳ, ತೆರೆದಿಟ್ಟ ಪೆಟ್ಟಿಗೆಯ ಕೀಲು, ಯಾವುದಿದ್ದರೂ ಅದಕ್ಕೇ ಸುತ್ತಿಕೊಳ್ಳುತ್ತದೆ. ಆದ್ದರಿಂದ ಖಾಲಿ ದೋಣಿಯಲ್ಲಿ ಮಂಡಿಯೂರಿ, ಅಂಗೈಯಿಂದ ನೆಲವನ್ನೂ ಚೌಕಟ್ಟನ್ನೂ ಸವರಿ ನೋಡಿ. ಕೈಗೆ ತಾಗಿದ ಪ್ರತಿಯೊಂದನ್ನೂ ತೆಗೆಯಿರಿ, ಒಳಕ್ಕೆ ಮಡಚಿ ಅಥವಾ ಟೇಪು ಸುತ್ತಿ. ಲೇಸಿನ ಗಂಟನ್ನು ಶೂ ಒಳಗೆ ಸೇರಿಸಿ.

ಮೊದಲ ಇಳಿತ ಚಿಕ್ಕದಾಗಿರಲಿ, ಪರಿಚಿತವಾದ 1ನೇ ದರ್ಜೆಯ ನೀರಿನಲ್ಲಿರಲಿ. ಎಸೆಯುವ ಇಬ್ಬರೂ ಒಂದೇ ದಡದ ಕಡೆಗೆ ಎಸೆಯಬೇಕು. ಮುಂದಿನವರು ದೋಣಿಗಿಂತ ಮುಂದಕ್ಕೆ ಓರೆಯಾಗಿ, ಹಿಂದಿನವರು ನೇರ ಪಕ್ಕಕ್ಕೆ ಎಸೆದರೆ ದಾರಗಳು ಹೆಣೆದುಕೊಳ್ಳುವುದಿಲ್ಲ. 10 - 12 ಮೀಟರ್‌ಗಿಂತ ದೂರ ಎಸೆಯುವ ಅಗತ್ಯ ಬರುತ್ತಿದ್ದರೆ ತಪ್ಪು ರಾಡಿನದಲ್ಲ, ದೋಣಿ ದಡದಿಂದ ಬಹಳ ದೂರವಿದೆ. ಸೆಳವು ಬಂದಾಗ ಕುಳಿತುಕೊಳ್ಳಿ ಎಂಬ ಮಾತು ಹುಟ್ಟು ಹಾಕುವವರ ಬಾಯಿಂದ ಬಂದೊಡನೆ, ಮೀನು ಗಾಳದಲ್ಲಿದ್ದರೂ, ಇಬ್ಬರೂ ಕುಳಿತುಕೊಳ್ಳಬೇಕು.

ಹಂತ 10: ದೋಣಿ ದಡಕ್ಕೆ ಬಂದ ಮೇಲೆ

ಒಂದು ನದಿಯ ಪಾಚಿ, ಬಸವನಹುಳು, ರೋಗಾಣು ಇನ್ನೊಂದಕ್ಕೆ ಹೋಗುವುದು ಬಹುಪಾಲು ಒದ್ದೆ ಸಾಮಾನುಗಳ ಮೂಲಕ. ದೋಣಿಯ ನೀರನ್ನು ಅಲ್ಲಿಯೇ ಬಸಿದು, ಕೆಸರು ತೊಳೆದು, ಪೂರ್ತಿ ಒಣಗಿಸಬೇಕು. ಬೂಟಿನ ಅಡಿಯ ಫೆಲ್ಟ್ (ನಾರುಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬೇಗ ಒಣಗದೆ ಜೀವಿಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಲವೆಡೆ ಅದನ್ನು ನಿಷೇಧಿಸಲಾಗಿದೆ; ಕೊಳ್ಳುವಾಗಲೇ ರಬ್ಬರ್ ಅಡಿಯ ಬೂಟು ಆರಿಸಿಕೊಳ್ಳುವುದು ಒಳ್ಳೆಯದು. ರಾಫ್ಟನ್ನು ಮಡಚುವ ಮುನ್ನ ಕೊಳವೆ ಮತ್ತು ನೆಲ ಕೂಡುವ ಸಂದಿಗೆ ಬೆರಳು ಹಾಕಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಮರಳು ಮತ್ತು ತೇವ ಅಲ್ಲಿ ಉಳಿದಿರುತ್ತವೆ. ಆ ಮರಳೇ ಮುಂದೆ ಬಟ್ಟೆಯನ್ನು ಉಜ್ಜಿ ತೂತು ಮಾಡುತ್ತದೆ.